ಸರಕಿಗೊಂದು ಹೆಸರು, ಹೆಸರಿಗೊಂದು ಬೆಲೆ

ಕೋಡ್ಲಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ವ್ಯಾಪಾರವು ಬಹುಮಟ್ಟಿಗೆ ಎರಡು ಸರಕುಗಳ ಮೇಲೆ ನಿಂತಿದೆ. ನೆಲದೊಳಗಿನ ಸುಣ್ಣಕಲ್ಲು ಒಂದು, ನೆಲದ ಮೇಲಿನ ತೊಗರಿ ಇನ್ನೊಂದು. ಇವೆರಡಕ್ಕೂ ಸಮಾನವಾದ ಒಂದು ಗುಣವಿದೆ. ಲಾರಿ ಅಥವಾ ರೈಲು ಹತ್ತಿ ಗಡಿ ದಾಟಿದ ಕೂಡಲೇ ಎರಡೂ ತಮ್ಮ ಹೆಸರನ್ನು ಬದಲಿಸಿಕೊಳ್ಳುತ್ತವೆ. ಸರಕು ಅದೇ, ತೂಕ ಅದೇ, ಗುಣಮಟ್ಟವೂ ಅದೇ. ಚೀಟಿಯ ಮೇಲಿನ ಪದ ಮಾತ್ರ ಬೇರೆ. ಇದು ಕೇವಲ ಭಾಷಾಶಾಸ್ತ್ರಜ್ಞರ ಕುತೂಹಲದ ವಿಷಯವೆಂದು ವ್ಯಾಪಾರಸ್ಥರು ಭಾವಿಸುವುದುಂಟು. ಆದರೆ ದರ, ತೆರಿಗೆ, ಕರಾರು, ಕೆಲವೊಮ್ಮೆ ಸರ್ವೋಚ್ಚ ನ್ಯಾಯಾಲಯದ ತೀರ್ಪು ಸಹ ಈ ಪದಗಳ ಮೇಲೆಯೇ ನಿಂತಿರುವ ಉದಾಹರಣೆಗಳಿವೆ.

ಕಲ್ಲಿನಿಂದಲೇ ಆರಂಭಿಸಬಹುದು. ಶಹಾಬಾದಿನ ಗಣಿಗಳಿಂದ ಹೊರಬರುವ ತೆಳುವಾದ ಚೌಕ ಕಲ್ಲಿಗೆ ಈ ಭಾಗದಲ್ಲಿ 'ಫರ್ಸಿ' ಎನ್ನುತ್ತಾರೆ. ಹಾಸು, ನೆಲ ಎಂಬ ಅರ್ಥದ ಪಾರಸಿಯ 'ಫರ್ಶ್' ಪದ ಇದರ ಮೂಲ. ಮೈಸೂರಿನ ಕಡೆ ಇದೇ ಕಲ್ಲು 'ಚಪ್ಪಡಿ' ಅಥವಾ 'ಹಾಸುಗಲ್ಲು' ಆಗುತ್ತದೆ. ತೆಲುಗಿನವರಿಗೆ ಈ ಜಾತಿಯ ಕಲ್ಲು 'ನಾಪರಾಯಿ'. ಮಹಾರಾಷ್ಟ್ರದ ಮನೆಗಳಲ್ಲಿ ಅದು 'ಶಹಾಬಾದಿ ಫರಶಿ', ಅಂದರೆ ಊರಿನ ಹೆಸರೇ ಸರಕಿನ ಹೆಸರಾಗಿ ನಿಂತಿದೆ. ಯಾವ ಜಾಹೀರಾತಿನ ಖರ್ಚೂ ಇಲ್ಲದೆ ಒಂದು ಊರಿಗೆ ದೊರೆತ ಈ ಪ್ರಚಾರದ ಬೆಲೆಯನ್ನು ಇಲ್ಲಿನ ಗಣಿ ಮಾಲೀಕರು ಎಷ್ಟರಮಟ್ಟಿಗೆ ಬಳಸಿಕೊಂಡಿದ್ದಾರೆ ಎಂಬುದು ಬೇರೆ ಪ್ರಶ್ನೆ.

ಅಳತೆಯಲ್ಲಿಯೂ ಇದೇ ಕಥೆ. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಮರಳು, ಜಲ್ಲಿಗಳ ಲೆಕ್ಕ 'ಬ್ರಾಸ್'ನಲ್ಲಿ ನಡೆಯುತ್ತದೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಹಾಸುಗಲ್ಲಿನ ಲೆಕ್ಕದಲ್ಲಿ 100 ಚದರ ಅಡಿ. ಬೆಂಗಳೂರಿನ ಗುತ್ತಿಗೆದಾರ 100 ಚದರ ಅಡಿಗೆ 'ಒಂದು ಚದರ' ಎನ್ನುತ್ತಾನೆ. ತಮಿಳುನಾಡಿನಲ್ಲಿ 100 ಘನ ಅಡಿ ಮರಳಿಗೆ 'ಯೂನಿಟ್' ಎನ್ನುತ್ತಾರೆ. ಒಂದೇ ಪದ ಒಮ್ಮೆ ಘನ ಅಳತೆಯನ್ನೂ ಇನ್ನೊಮ್ಮೆ ಚದರ ಅಳತೆಯನ್ನೂ ಸೂಚಿಸುವಾಗ, ದೂರವಾಣಿಯಲ್ಲಿ 'ಐದು ಬ್ರಾಸ್' ಎಂದು ಹೇಳಿ ಸುಮ್ಮನಾಗುವುದು ಜಾಣತನವಲ್ಲ.

ಗಣಿಯ ಒಳಗೆ ಇಳಿದರೆ ಪದಗಳ ಸಂತೆಯೇ ಇದೆ. ಕಲ್ಲಿನ ಪದರವನ್ನು ಮೀಟಿ ಎಬ್ಬಿಸುವ ಕಬ್ಬಿಣದ ಸಲಾಕೆ ಕನ್ನಡದಲ್ಲಿ 'ಹಾರೆ', ಹಿಂದಿಯಲ್ಲಿ 'ಸಬ್ಬಲ್', ತೆಲಂಗಾಣದ ತೆಲುಗಿನಲ್ಲಿ 'ಗಡ್ಡಪಾರ', ಮರಾಠಿಯಲ್ಲಿ 'ಪಹಾರ್'. ನಾಲ್ಕೂ ಭಾಷೆಯ ಕೂಲಿಕಾರರು ಒಂದೇ ಗುಂಡಿಯಲ್ಲಿ ದುಡಿಯುವ ಪ್ರದೇಶದಲ್ಲಿ ಈ ನಾಲ್ಕೂ ಪದಗಳು ಮೇಸ್ತ್ರಿಗೆ ಗೊತ್ತಿರಬೇಕಾಗುತ್ತದೆ. 'ಮೇಸ್ತ್ರಿ' ಎಂಬ ಪದವಾದರೂ ನಮ್ಮದಲ್ಲ, ಪೋರ್ಚುಗೀಸರಿಂದ ಬಂದದ್ದು. ಕಲ್ಲು ಇಟ್ಟಿಗೆ ಕಟ್ಟುವವನಿಗೆ ಈ ಭಾಗದಲ್ಲಿ 'ಗೌಂಡಿ' ಎನ್ನುತ್ತಾರೆ. ಮೈಸೂರಿನ ಕಡೆ ಅವನು 'ಗಾರೆ ಕೆಲಸದವನು'. ಅವನ ಕೈಯಲ್ಲಿರುವ ಉಪಕರಣ ಅಲ್ಲಿ 'ಕರಣೆ', ಇಲ್ಲಿ 'ಥಾಪಿ'. ತೆಲುಗಿನಲ್ಲಿ ಆ ಉಪಕರಣದ ಹೆಸರನ್ನೇ ಮನುಷ್ಯನಿಗೆ ಇಟ್ಟು 'ತಾಪಿ ಮೇಸ್ತ್ರಿ' ಎಂದು ಕರೆಯುತ್ತಾರೆ.

ಸಿಮೆಂಟ್ ಕಾರ್ಖಾನೆಗಳ ನೆರೆಯಲ್ಲಿ ಪ್ರತಿದಿನ ಕಿವಿಗೆ ಬೀಳುವ 'ಕ್ಲಿಂಕರ್' ಪದವೂ ದೂರದಿಂದ ಬಂದ ಅತಿಥಿಯೇ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ತಟ್ಟಿದಾಗ ಹೊರಡುವ ನಾದವನ್ನು ಸೂಚಿಸುವ ಡಚ್ ಭಾಷೆಯ ಕ್ರಿಯಾಪದದಿಂದ ಅದು ಹುಟ್ಟಿತು. ಕಲ್ಲನ್ನು ತಟ್ಟಿ ನಾದ ಕೇಳಿ ಒಳಗಿನ ಬಿರುಕನ್ನು ಗುರುತಿಸುವುದು ನಮ್ಮ ಕಲ್ಲುಕುಟಿಗರಿಗೂ ಗೊತ್ತಿರುವ ಪರೀಕ್ಷೆ. ಆದರೆ ಆ ನಾದದಿಂದ ನಾವು ಸರಕಿಗೆ ಹೆಸರು ಕಟ್ಟಲಿಲ್ಲ.

ನ್ಯಾಯಾಲಯದ ಕಟ್ಟೆಯಲ್ಲಿ ಪದಗಳು

ಹೆಸರಿನ ಪ್ರಶ್ನೆ ಹಣದ ಪ್ರಶ್ನೆಯಾಗುವುದು ತೆರಿಗೆಯ ಕೋಷ್ಟಕದಲ್ಲಿ. ಮಾರಾಟ ತೆರಿಗೆಯ ಕಾಲದಿಂದ ಇಂದಿನ ಜಿ.ಎಸ್.ಟಿ.ವರೆಗೆ ಕಾಯಿದೆಯು ಸರಕನ್ನು ನೋಡುವುದಿಲ್ಲ, ಸರಕಿನ ಹೆಸರನ್ನು ನೋಡುತ್ತದೆ. ಆ ಹೆಸರಿನ ಅರ್ಥವೇನೆಂಬ ವಾದವೇ ಅನೇಕ ವ್ಯಾಜ್ಯಗಳಿಗೆ ಮೂಲ.

ಇಂತಹ ವ್ಯಾಜ್ಯಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುವುದು ಅಕೋಲಾದ ವೀಳ್ಯದೆಲೆಯ ಪ್ರಕರಣ. ಆಗಿನ ಮಾರಾಟ ತೆರಿಗೆ ಕಾಯಿದೆಯಲ್ಲಿ ತರಕಾರಿಗೆ ವಿನಾಯಿತಿ ಇತ್ತು. ವೀಳ್ಯದೆಲೆಯೂ ಸಸ್ಯಜನ್ಯವಾದುದರಿಂದ ಅದು ತರಕಾರಿಯೇ, ಆದುದರಿಂದ ತೆರಿಗೆ ಕೊಡಬೇಕಿಲ್ಲ ಎಂಬುದು ವ್ಯಾಪಾರಿಯ ವಾದ. ರಾಮಾವತಾರ ಬುಧೈಪ್ರಸಾದ್ ಪ್ರಕರಣವೆಂದೇ ಹೆಸರಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ತೀರ್ಪು ನೀಡಿತು. ನಿತ್ಯಬಳಕೆಯ ವಸ್ತುವಿನ ಹೆಸರನ್ನು ಸಸ್ಯಶಾಸ್ತ್ರದ ಅರ್ಥದಲ್ಲಿ ನೋಡಬಾರದು, ಜನಸಾಮಾನ್ಯರು ಆಡುವ ಮಾತಿನ ಅರ್ಥದಲ್ಲಿ ನೋಡಬೇಕು. ತರಕಾರಿ ತರಲು ಹೇಳಿದರೆ ಯಾರೂ ವೀಳ್ಯದೆಲೆ ತರುವುದಿಲ್ಲ ಎಂಬುದು ಅದರ ಸಾರ. ವ್ಯಾಪಾರಿ ಸೋತ. ಅಮೆರಿಕದಲ್ಲಿ 1893ರಷ್ಟು ಹಿಂದೆಯೇ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇದೇ ತರ್ಕದಿಂದ ಟೊಮೆಟೊ ಹಣ್ಣಲ್ಲ, ತರಕಾರಿ ಎಂದು ನಿರ್ಣಯಿಸಿತ್ತು.

ಹಾಗಾದರೆ ಬಳಕೆಯ ಮಾತೇ ಯಾವಾಗಲೂ ಗೆಲ್ಲುತ್ತದೆಯೆ? ಕಲ್ಲಿನ ವ್ಯಾಪಾರಸ್ಥರು ಇಲ್ಲಿ ಎಚ್ಚರ ವಹಿಸಬೇಕು. 1990ರ ಅಕ್ಬರ್ ಬದ್ರುದ್ದೀನ್ ಜಿವಾನಿ ಪ್ರಕರಣದಲ್ಲಿ ವಿದೇಶದಿಂದ ತರಿಸಿದ ಸುಣ್ಣಕಲ್ಲಿನ ಜಾತಿಯ ಚಪ್ಪಡಿಗಳು ಮಾರ್ಬಲ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ಮಾರ್ಬಲ್ ಆದರೆ ಆಮದಿಗೆ ನಿರ್ಬಂಧ, ಅಲ್ಲವಾದರೆ ಮುಕ್ತ. ಹೊಳಪು ಕೊಡಬಹುದಾದ ಇಂಥ ಕಲ್ಲು ಮಾರುಕಟ್ಟೆಯ ಭಾಷೆಯಲ್ಲಿ ಮಾರ್ಬಲ್ಲೇ ಎಂಬುದು ಇಲಾಖೆಯ ನಿಲುವಾಗಿತ್ತು. ಕೋಷ್ಟಕವೇ ಮಾರ್ಬಲ್ಲನ್ನೂ ಇತರ ಸುಣ್ಣಕಲ್ಲುಗಳನ್ನೂ ಬೇರೆ ಬೇರೆಯಾಗಿ ಹೆಸರಿಸಿರುವಾಗ ಶಾಸ್ತ್ರೀಯ ಅರ್ಥವನ್ನೇ ಹಿಡಿಯಬೇಕು ಎಂದು ನ್ಯಾಯಾಲಯ ಹೇಳಿತು. ಈ ಬಾರಿ ವ್ಯಾಪಾರಿ ಗೆದ್ದ. ಎಲೆಗೆ ಬಳಕೆಯ ಮಾತು, ಕಲ್ಲಿಗೆ ಶಾಸ್ತ್ರದ ಮಾತು.

ಇದೇ ಸಂದರ್ಭದಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬಹುದು. ಸುಂಕದ ಅಂತರರಾಷ್ಟ್ರೀಯ ಕೋಷ್ಟಕದಲ್ಲಿ ಕಟ್ಟಡದ ಸುಣ್ಣಕಲ್ಲಿನ ಶೀರ್ಷಿಕೆ 2515. ಮಾರ್ಬಲ್, ಟ್ರಾವರ್ಟೈನ್ ಜೊತೆಗೆ ಅಲ್ಲಿ 'ಎಕೋಸಿನ್' ಎಂಬ ಪದ ಕಾಣುತ್ತದೆ. ಅದು ಬೆಲ್ಜಿಯಂ ದೇಶದ ಒಂದು ಊರಿನ ಹೆಸರಿನಿಂದ ಬಂದ ಕಲ್ಲಿನ ಹೆಸರು. ಆ ಊರಿನ ಕಲ್ಲು ಜಗತ್ತಿನ ಸುಂಕದ ಕಟ್ಟೆಗಳ ಪುಸ್ತಕದಲ್ಲೆಲ್ಲ ತನ್ನ ಹೆಸರಿನಿಂದಲೇ ಇದೆ. ಮುಂಬಯಿಯಿಂದ ಹೈದರಾಬಾದಿನವರೆಗೆ ಮನೆಮನೆಯ ಅಂಗಳದಲ್ಲಿ ಹಾಸಿರುವ ಶಹಾಬಾದಿನ ಕಲ್ಲು ಅದೇ ಶೀರ್ಷಿಕೆಯ 'ಇತರ ಸುಣ್ಣಕಲ್ಲು' ಎಂಬ ಮಾತಿನೊಳಗೆ ಹುದುಗಿಕೊಳ್ಳಬೇಕು.

ತೊಗರಿಯ ಹಲವು ಅವತಾರ

ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯ ಬೆಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ನೋಂದಣಿಯಾದ ಹೆಸರು 'ಗುಲ್ಬರ್ಗಾ ತೂರ್ ದಾಲ್'. ನಗರಕ್ಕೆ ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಮರಳಿದ್ದು 2014ರಲ್ಲಿ. ಬೆಳೆಯುವ ರೈತ ಅದನ್ನು ಕರೆಯುವುದು ತೊಗರಿ ಎಂದು, ಅಡುಗೆಮನೆಯಲ್ಲಿ ಅದು ಬ್ಯಾಳಿ. ನೋಂದಣಿಯ ಮೂರು ಪದಗಳಲ್ಲಿ ಒಂದೂ ಇಲ್ಲಿನ ರೈತನ ಬಾಯಿಯದಲ್ಲ. ಸೇಡಂನಿಂದ ರೈಲಿನಲ್ಲಿ ಗಡಿ ದಾಟಿದರೆ ಸಿಗುವ ತಾಂಡೂರಿನ ಬೆಳೆಗೆ 2022ರಲ್ಲಿ ಅದೇ ಮಾನ್ಯತೆ ಸಿಕ್ಕಿತು. ಅಲ್ಲಿನ ರೈತ ಅದನ್ನು 'ಕಂದಿ' ಎನ್ನುತ್ತಾನೆ. ನೋಂದಣಿಯಲ್ಲಿ ಮಾತ್ರ 'ತಾಂಡೂರ್ ರೆಡ್‌ಗ್ರಾಂ'. ಒಂದೇ ರೈಲುಮಾರ್ಗದ ಮೇಲಿನ ಒಂದೇ ಬೆಳೆ ಒಂದು ಕಡೆ ಹಿಂದಿಯ ಹೆಸರಿನಲ್ಲಿ, ಇನ್ನೊಂದು ಕಡೆ ಇಂಗ್ಲಿಷಿನ ಹೆಸರಿನಲ್ಲಿ ದಾಖಲಾಗಿದೆ. ದೂರದ ಗ್ರಾಹಕನಿಗೆ ಇವೆರಡೂ ಬೇರೆ ಬೇರೆ ಧಾನ್ಯಗಳೆಂದು ತೋರಿದರೆ ಅವನನ್ನು ದೂರುವಂತಿಲ್ಲ.

ಉತ್ತರ ಭಾರತಕ್ಕೆ ಹೋದರೆ ಇದು 'ಅರ್ಹರ್'. ತಮಿಳಿನ 'ತುವರೈ' ನಮ್ಮ ತೊಗರಿಯ ಸೋದರ ಪದ. ಇಂಗ್ಲಿಷಿನ ಶಾಸ್ತ್ರಗ್ರಂಥಗಳಲ್ಲಿ ಇದು 'ಪಿಜನ್ ಪೀ', ಪಾರಿವಾಳದ ಬಟಾಣಿ. ಬಾರ್ಬಡೋಸ್ ದ್ವೀಪದಲ್ಲಿ ಪಾರಿವಾಳಗಳಿಗೆ ಹಾಕುತ್ತಿದ್ದುದರಿಂದ ಆ ಹೆಸರು ಬಂತು. ನಮ್ಮ ಕಡೆ ಹೋಳಿಗೆಯ ಹೂರಣಕ್ಕೂ ಬೀಳುವ ಬೇಳೆಗೆ ಆ ಹೆಸರು ಅಷ್ಟೇನೂ ಗೌರವದ್ದಲ್ಲ. ಪೋರ್ಟೊರಿಕೊ ದ್ವೀಪದಲ್ಲಿ ಇದನ್ನು 'ಗಾಂಡುಲ್' ಎನ್ನುತ್ತಾರೆ. ತೆಲುಗಿನ 'ಕಂದುಲು' ಪದವೇ ಆಫ್ರಿಕವನ್ನು ಹಾಯ್ದು ಅಲ್ಲಿಗೆ ತಲುಪಿದೆ ಎಂದು ಊಹಿಸುವ ವಿದ್ವಾಂಸರಿದ್ದಾರೆ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ಇದು 'ಎಂಬಾಜಿ'. ಟಾಂಜಾನಿಯ, ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಭಾರತಕ್ಕೆ ಬರುವ ತೊಗರಿಯು ಪೇಟೆಯ ದರಪಟ್ಟಿಯಲ್ಲಿ 'ಅರೂಷಾ', 'ಗಜರಿ', 'ಲೆಮನ್' ಎಂಬ ಹೆಸರುಗಳನ್ನು ಹೊತ್ತಿರುತ್ತದೆ. ಮ್ಯಾನ್ಮಾರಿನ 'ಲೆಮನ್ ತೂರ್'ಗೂ ನಿಂಬೆಹಣ್ಣಿಗೂ ಯಾವ ಸಂಬಂಧವೂ ಇಲ್ಲ. ಇಲ್ಲಿನ ಧಾರಣೆ ಏರುವುದೂ ಇಳಿಯುವುದೂ ಈ ಹೆಸರುಗಳ ಪಕ್ಕದ ಅಂಕಿಗಳನ್ನು ನೋಡಿಯೇ ಆದುದರಿಂದ ಸೇಡಂನ ಅಡತಿ ವ್ಯಾಪಾರಿ ಇವನ್ನೂ ಕಲಿಯಬೇಕಾಯಿತು.

ದಾಲ್ ಮಿಲ್ಲಿನ ಒಳಗೆ ಇನ್ನೊಂದು ಪದಕೋಶವಿದೆ. ಮೊದಲ ದರ್ಜೆಯ ಬೇಳೆ 'ಫಟಕಾ'. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು 'ಸವ್ವಾ ನಂಬರ್'. ಒಡೆದ ತುಣುಕು 'ಖಂಡಾ', ದನಗಳ ಮೇವಿಗೆ ಹೋಗುವುದು 'ಚುನ್ನಿ'. ಅಕೋಲಾ, ಲಾತೂರ್, ಕಲಬುರಗಿಗಳ ನಡುವೆ ಕೋಟ್ಯಂತರ ರೂಪಾಯಿಗಳ ವ್ಯವಹಾರ ಈ ನಾಲ್ಕು ಪದಗಳ ಆಧಾರದಲ್ಲಿ ನಡೆಯುತ್ತದೆ. ಆದರೆ ಕನ್ನಡದ ನಿಘಂಟುಗಳಲ್ಲಿ ಇವುಗಳಿಗೆ ಈ ಅರ್ಥವನ್ನು ಹುಡುಕಲು ಹೊರಟವರು ನಿರಾಶರಾಗುವ ಸಂಭವವೇ ಹೆಚ್ಚು. ತುಂಬುವ ಚೀಲಕ್ಕೆ 'ಬಾರದಾನ', ಹೊರುವವನಿಗೆ 'ಹಮಾಲ', ನಡುವೆ ನಿಂತವನಿಗೆ 'ದಲಾಲ' ಎಂಬ ಪಾರಸಿ, ಅರಬ್ಬಿ ಮೂಲದ ಪದಗಳು ಮಾತ್ರ ಬಹುಕಾಲದಿಂದ ಮನೆಯವರಂತೆಯೇ ಆಗಿಬಿಟ್ಟಿವೆ.

ಕನ್ನಡದಿಂದ ಕನ್ನಡಕ್ಕೆ

ಪರಭಾಷೆಯವರೊಡನೆ ವ್ಯವಹರಿಸುವಾಗ ವ್ಯಾಪಾರಿ ಸಹಜವಾಗಿಯೇ ಎರಡು ಬಾರಿ ಕೇಳಿ ಖಚಿತಪಡಿಸಿಕೊಳ್ಳುತ್ತಾನೆ. ಮೋಸವಾಗುವುದು ಕನ್ನಡಿಗರೊಡನೆ, ಏಕೆಂದರೆ ಅಲ್ಲಿ ಕೇಳುವ ಗೋಜಿಗೇ ಯಾರೂ ಹೋಗುವುದಿಲ್ಲ. ಬೆಂಗಳೂರಿನ ಅಂಗಡಿಯವನಿಗೆ 'ಕಡಲೆಬೀಜ' ಎಂದರೆ ಶೇಂಗಾ. ಚಿಂಚೋಳಿಯ ಅಂಗಡಿಯವನಿಗೆ ಅದು ಹಿಂಗಾರಿಗೆ ಬಿತ್ತುವ ಕಡಲೆಯ ಬೀಜ. ಅಲ್ಲಿ 'ಹುರಿಗಡಲೆ' ಎನ್ನುವುದು ಇಲ್ಲಿ 'ಪುಟಾಣಿ'. ಮೈಸೂರಿನಲ್ಲಿ ಒಂದು ಕ್ವಿಂಟಾಲ್ ಪುಟಾಣಿ ಬೇಕೆಂದರೆ ಕೇಳಿದವರು ಮಕ್ಕಳ ಶಾಲೆಯ ಕಡೆ ಕೈ ತೋರಿಸಬಹುದು. 'ಜೋಳ' ಎಂದಾಗ ಈ ಭಾಗದವರ ಕಣ್ಣಮುಂದೆ ನಿಲ್ಲುವುದು ರೊಟ್ಟಿಯ ಬಿಳಿಜೋಳ. ದಕ್ಷಿಣದ ಅನೇಕ ಜಿಲ್ಲೆಗಳಲ್ಲಿ ಅದೇ ಪದ ಮುಸುಕಿನ ಜೋಳವನ್ನು ನೆನಪಿಸುತ್ತದೆ. ಸುಂಕದ ಕೋಷ್ಟಕದಲ್ಲಿ ಮೊದಲನೆಯದು 1007, ಎರಡನೆಯದು 1005. ಅಂಕಿಗಳಲ್ಲಿ ಗೊಂದಲವಿಲ್ಲ, ಆದರೆ ಅಂಕಿ ಹೇಳಿ ಹಿಟ್ಟು ಕೊಳ್ಳುವವರು ಇನ್ನೂ ಹುಟ್ಟಬೇಕಷ್ಟೆ.

ನಮ್ಮ ಕುಸುಬೆಗೆ ಮರಾಠಿಯಲ್ಲಿ 'ಕರಡಈ' ಎನ್ನುತ್ತಾರೆ. ಪೇಟೆಯ ದರಪಟ್ಟಿಯಲ್ಲಿ ಅದರ ಎಣ್ಣೆ 'ಕರಡಿ ತೇಲ್'. ಇದನ್ನು ಪದಕ್ಕೆ ಪದವಾಗಿ ಕನ್ನಡಕ್ಕಿಳಿಸಿ ಡಬ್ಬಿಯ ಮೇಲೆ ಅಚ್ಚು ಹಾಕಿಸಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದುದು ಸಂಖ್ಯೆ. ಈ ಭಾಗದ ಪೇಟೆಯಲ್ಲಿ 'ಸವ್ವಾನೂರು' ಎಂದರೆ 125, 'ದೀಡನೂರು' ಎಂದರೆ 150, 'ಅಡೀಚನೂರು' ಎಂದರೆ 250. ಮೈಸೂರು ಸೀಮೆಯ ಕನ್ನಡಿಗನಿಗೆ ಇವುಗಳಲ್ಲಿ 'ನೂರು' ಒಂದೇ ಸ್ಪಷ್ಟವಾಗಿ ಕೇಳಿಸುತ್ತದೆ; ಅಷ್ಟು ಸಾಕು, ಲೆಕ್ಕ ತಪ್ಪಲು. ಅವನ 'ಒಂದೂವರೆ', 'ಎರಡೂವರೆ'ಗಳು ದ್ರಾವಿಡ ರೀತಿಯ ಎಣಿಕೆ: ಒಂದು ಮತ್ತು ಅರೆ. ದೀಡವು ಸಂಸ್ಕೃತ ಮೂಲದಿಂದ ಪ್ರಾಕೃತ, ಮರಾಠಿಗಳ ಮೂಲಕ ಬಂದದ್ದು, ಅದರ ತರ್ಕವೇ ಬೇರೆ. ಅಲ್ಲಿ ಹೇಳುವುದು 'ಎರಡನೆಯದು ಅರ್ಧ' ಎಂದು, ಅಂದರೆ ಮೊದಲನೆಯದು ಪೂರ್ಣವಾಗಿದೆ, ಎರಡನೆಯದರಲ್ಲಿ ಅರ್ಧವಾಗಿದೆ. ಅಡೀಚವೂ ಹಾಗೆಯೇ 'ಮೂರನೆಯದು ಅರ್ಧ'. ವಿಸ್ಮಯದ ಸಂಗತಿಯೆಂದರೆ ಜರ್ಮನ್ ಭಾಷೆಯಲ್ಲಿ ಒಂದೂವರೆಗೆ ಇರುವ 'ಆಂಡರ್ಟ್‌ಹಾಲ್ಪ್' ಪದದ ಅರ್ಥವೂ 'ಎರಡನೆಯದು ಅರ್ಧ' ಎಂದೇ. ಡೆನ್ಮಾರ್ಕಿನವರು ಐವತ್ತಕ್ಕೆ ಬಳಸುವ ಪದವನ್ನು ಬಿಡಿಸಿದರೆ 'ಮೂರನೆಯದು ಅರ್ಧ, ಗುಣಿಸು ಇಪ್ಪತ್ತು' ಎಂದಾಗುತ್ತದೆ, ಅಂದರೆ ಅಡೀಚ ಇಪ್ಪತ್ತು. ಸೇಡಂನ ಗಂಜಿನಲ್ಲಿ ಕುಳಿತ ಮುನೀಮನ ಲೆಕ್ಕದ ಮಾತು ಮೈಸೂರಿನವರಿಗಿಂತ ಡೆನ್ಮಾರ್ಕಿನವರಿಗೆ ಹತ್ತಿರವೆಂದರೆ ಅತಿಶಯೋಕ್ತಿಯಾಗದು.

ಈ ವೈವಿಧ್ಯ ನಿಜಾಮರ ಆಳ್ವಿಕೆಯಿಂದ ಅಥವಾ 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ಹೋದ ರೈಲುಮಾರ್ಗದಿಂದ ಉಂಟಾಯಿತೆಂದು ಹೇಳುವ ವಾಡಿಕೆಯಿದೆ. ಅದು ಅರ್ಧ ಸತ್ಯ. ಇದೇ ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, 9ನೆಯ ಶತಮಾನದಲ್ಲಿ, ಅಮೋಘವರ್ಷನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡಿನ ಕನ್ನಡವು ಎಡೆಯಿಂದ ಎಡೆಗೆ ಬೇರೆಯಾಗುವುದನ್ನು ಗುರುತಿಸಿತ್ತು. ಆ ಭೇದಗಳನ್ನೆಲ್ಲ ಅರಿಯಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರ ಬಂದೀತು ಎಂಬುದು ಅದರ ಕರ್ತೃವಿನ ಅಭಿಪ್ರಾಯ. ಕಾಗಿಣಾ ನದಿಯ ದಂಡೆಯ ಆ ಊರಿನ ಸುತ್ತ ಇಂದು ಸಿಮೆಂಟಿನ ಚೀಲಗಳ ಮೇಲೆ ಮೂರು ನಾಲ್ಕು ಭಾಷೆಗಳು ಅಚ್ಚಾಗುತ್ತಿವೆ.

ದಾಖಲೆಯ ಪ್ರಶ್ನೆ

ವೃತ್ತಿಯ ಪದಗಳನ್ನು ಸಂಗ್ರಹಿಸುವ ಕೆಲಸದಲ್ಲಿ ನೆರೆಯ ತೆಲುಗರು ಬಹಳ ಮುಂದಿದ್ದರು. ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಆಂಧ್ರಪ್ರದೇಶ ಸಾಹಿತ್ಯ ಅಕಾಡೆಮಿಯು 'ಮಾಂಡಲಿಕ ವೃತ್ತಿ ಪದಕೋಶ'ದ ಮೊದಲ ಸಂಪುಟವನ್ನು 1962ರಲ್ಲಿಯೇ ಹೊರತಂದಿತು. ಅದು ಬೇಸಾಯದ ಪದಗಳ ಸಂಪುಟ. ಕೈಮಗ್ಗದ ಪದಗಳದು 1971ರಲ್ಲಿ ಬಂತು. ಒಂದೇ ಉಪಕರಣಕ್ಕೆ ಯಾವ ಜಿಲ್ಲೆಯಲ್ಲಿ ಯಾವ ಹೆಸರು ಎಂಬುದನ್ನು ಊರೂರಿಗೆ ಹೋಗಿ ಕೇಳಿ ಬರೆದುಕೊಂಡ ಕೆಲಸವದು. ಕನ್ನಡದಲ್ಲಿ ಕಿಟ್ಟೆಲ್ ಅವರ 1894ರ ನಿಘಂಟು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಇವೆ. ಹೊರಗಿನಿಂದ ಬಂದ ಪದಗಳಿಗಾಗಿಯೇ ಜಿ. ವೆಂಕಟಸುಬ್ಬಯ್ಯನವರು 'ಎರವಲು ಪದಕೋಶ'ವನ್ನು ರಚಿಸಿದರು. ಇವುಗಳ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೂ ಪರಿಷತ್ತಿನ ನಿಘಂಟು ಮುಖ್ಯವಾಗಿ ಕಾವ್ಯ, ಶಾಸನಗಳಿಂದ ಪದಗಳನ್ನು ಆಯ್ದುಕೊಂಡಿತು. ಗಣಿಯ ಗುಂಡಿ, ಮಿಲ್ಲಿನ ಜರಡಿ, ಅಡತಿಯ ಕಿರ್ದಿಪುಸ್ತಕ ಅದರ ದಾರಿಯಲ್ಲಿರಲಿಲ್ಲ.

ಹೀಗಾಗಿ ಹೆಸರಿದ್ದೂ ದಾಖಲೆಯಿಲ್ಲದ ವಸ್ತುಗಳು ಬೇಕಾದಷ್ಟಿವೆ. ತಲೆಯ ಮೇಲೆ ಕಲ್ಲು, ಕೊಡ ಹೊರುವಾಗ ಅಡಿಯಲ್ಲಿ ಇಡುವ ಬಟ್ಟೆಯ ಸುರುಳಿಯನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ 'ಸಿಂಬಿ', ಮರಾಠಿಯಲ್ಲಿ 'ಚುಂಬಳ್', ತಮಿಳಿನಲ್ಲಿ 'ಸುಮ್ಮಾಡು'. ಇಂಗ್ಲಿಷಿನಲ್ಲಿ ಇದಕ್ಕೆ ಎಲ್ಲರಿಗೂ ತಿಳಿದ ಒಂದು ಪದವೇ ಇಲ್ಲ. ಬೂಟಿನ ದಾರದ ತುದಿಯ ಚಿಕ್ಕ ಕವಚಕ್ಕೆ 'ಆಗ್ಲೆಟ್' ಎಂಬ ಪ್ರತ್ಯೇಕ ಪದವನ್ನು ಇಟ್ಟುಕೊಂಡ ಭಾಷೆಗೆ ಸಿಂಬಿಯ ಅಗತ್ಯ ಬೀಳಲಿಲ್ಲ, ಅಷ್ಟೆ. ಆದರೆ ಕೆಲಸದ ಸುರಕ್ಷತೆಯ ನಿಯಮಗಳನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವ ಕಾರ್ಖಾನೆಗಳಲ್ಲಿ ಇದರ ಪರಿಣಾಮವಿದೆ. ಇಂಗ್ಲಿಷಿನಲ್ಲಿ ಹೆಸರಿಲ್ಲದ ವಸ್ತು ಸಾಮಗ್ರಿಗಳ ಪಟ್ಟಿಗೂ ಬರುವುದಿಲ್ಲ, ಖರೀದಿಗೂ ಬರುವುದಿಲ್ಲ. ಹೆಂಗಸರು ಹಳೆಯ ಸೀರೆಯ ತುಂಡನ್ನು ಮನೆಯಿಂದಲೇ ತರುತ್ತಾರೆ.

ಇಷ್ಟರಲ್ಲಿ ವ್ಯಾಪಾರಸ್ಥರು ತಾವೇ ಮಾಡಿಕೊಳ್ಳಬಹುದಾದ ಏರ್ಪಾಡು ದೊಡ್ಡದೇನಲ್ಲ. ಬಿಲ್ಲಿನಲ್ಲಿ ಕೋಷ್ಟಕದ ಅಂಕಿಯ ಪಕ್ಕದಲ್ಲಿ ಸರಕಿನ ಸ್ಥಳೀಯ ಹೆಸರನ್ನೂ ಕೊಳ್ಳುವವನ ಊರಿನ ಹೆಸರನ್ನೂ ಬರೆಯುವುದು, ಬ್ರಾಸ್ ಎಂದಾಗ ಘನವೋ ಚದರವೋ ಎಂಬುದನ್ನು ಕಾಣಿಸುವುದು, ದೀಡ ಅಡೀಚಗಳನ್ನು ಮಾತಿನಲ್ಲಿ ಮುಗಿಸದೆ ಅಂಕಿಯಲ್ಲಿ ಬರೆದು ಕಳುಹಿಸುವುದು. ಹಳೆಯ ಪೇಢಿಗಳಲ್ಲಿ ತಲೆಮಾರುಗಳ ಕಿರ್ದಿ, ಖತಾವಣಿಗಳು ಇನ್ನೂ ಉಳಿದಿದ್ದರೆ ಅವುಗಳಲ್ಲಿ ಈ ಪದಗಳು ತಾರೀಖು, ತೂಕ, ದರಗಳ ಸಮೇತ ಸಿಗುತ್ತವೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಅನೇಕ ಕಡೆ ಆ ಪುಸ್ತಕಗಳು ರದ್ದಿಯ ಗಾಡಿ ಸೇರುತ್ತಿವೆ. ರದ್ದಿಯವನು ಅವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ.